ಗುರಿಗೆ ಬಲಗಣ್ಣು, ಅಂಗೈಗೆ ಎಡಗಣ್ಣು

ಎರಡು ವರ್ಷಗಳ ಹಿಂದೆ, ಕಾರ್ತಿಕ ಮಾಸದ ಒಂದು ಸಂಜೆ, ನಾವು ಹಾರಿಸಿದ ಗುಂಡು ಪಕ್ಕದವರ ಗುರಿಕಾಗದಕ್ಕೆ ಹೋಗಿ ಬಿದ್ದಿತು. ಹತ್ತು ಮೀಟರ್ ದೂರದ ಗಾಳಿ ಪಿಸ್ತೂಲಿನ ಅಭ್ಯಾಸ ಅದು. ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ನಕ್ಕು, “ತಾತ, ನನಗೊಂದು ಒಂಬತ್ತು ಅಂಕ ದಾನ ಮಾಡಿಬಿಟ್ಟಿರಿ” ಎಂದಳು. ನಾವೂ ನಕ್ಕೆವು. ಮನೆಗೆ ಹಿಂದಿರುಗುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ತಲಘಟ್ಟಪುರದ ಮೆಟ್ರೋ ನಿಲ್ದಾಣದಲ್ಲಿ ಇಳಿದು ಕನಕಪುರ ರಸ್ತೆಯ ಅಂಚಿನಲ್ಲಿ ನಿಂತಾಗ, ಎದುರಿನಿಂದ ಬರುವ ವಾಹನಗಳ ಒಂದೊಂದು ದೀಪವೂ ಚೆಂಡುಹೂವಿನಂತೆ ಅರಳಿ ನಮ್ಮ ಕಣ್ಣನ್ನು ಮುಚ್ಚುತ್ತಿತ್ತು. ಒಂದು ಬೈಕಿಗೆ ಎರಡು ದೀಪ ಕಾಣುತ್ತಿತ್ತು. ಬಲಗಣ್ಣೊಂದರಿಂದಲೇ ನೋಡಿದರೂ ಎರಡೇ.

ಅದಕ್ಕೂ ಮೊದಲು ಸುಮಾರು ಒಂದು ವರ್ಷ ನಾವು ಬೇರೆಯವರನ್ನೆಲ್ಲ ದೂರಿದ್ದೆವು. ಪಿಸ್ತೂಲಿನ ಸೈಟ್ ಸಡಿಲವಾಗಿದೆ ಎಂದು ಬಿಗಿ ಮಾಡಿಸಿದೆವು. ಸಭಾಂಗಣದ ದೀಪ ಮಂದವಾಗಿದೆ ಎಂದು ವ್ಯವಸ್ಥಾಪಕರಿಗೆ ಪತ್ರ ಬರೆದೆವು. ಕನ್ನಡಕವನ್ನು ಎರಡು ಬಾರಿ ಬದಲಾಯಿಸಿದೆವು. ಕಣ್ಣಿಗೆ ಪೊರೆ ಬಂದಿರಬಹುದೆಂಬ ಅನುಮಾನವೊಂದನ್ನು ಮಾತ್ರ ಮನಸ್ಸಿನ ಹೊಸಿಲು ದಾಟಲು ಬಿಡಲಿಲ್ಲ. ಅರುವತ್ತೇಳರ ವಯಸ್ಸಿನಲ್ಲಿ ಪೊರೆ ಬರುವುದು ಅವಮಾನದ ವಿಷಯವೇನಲ್ಲ. ಆದರೂ ಗುರಿಕಾರನಿಗೆ ಅದು ಸೋಲಿನಂತೆ ತೋರುತ್ತದೆ.

ಮಠದ ಪತ್ರಿಕೆಯಲ್ಲಿ ಬಂದೂಕಿನ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ನಮ್ಮ ಹುಟ್ಟೂರು ಉತ್ತರ ಕೊಡಗಿನ ಶನಿವಾರಸಂತೆಯ ಕಡೆ. ಆ ಸೀಮೆಯಲ್ಲಿ ಲಿಂಗಾಯತರ ಮನೆಗಳು ಬಹಳ. 1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರೂ ಲಿಂಗಾಯತರೇ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವ ಬಂಧುಗಳು ಕೈಲ್ ಮುಹೂರ್ತದಂದು ಕೋವಿಗಳನ್ನು ತೊಳೆದು, ತೋಕ್‌ಪೂ ಎಂಬ ಕೆಂಪು ಹಳದಿಯ ಕಾಡುಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುವುದನ್ನೂ, ಮೈದಾನದಲ್ಲಿ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನೂ ನೋಡುತ್ತಲೇ ನಾವು ಬೆಳೆದೆವು. ಎಪ್ಪತ್ತು ದಾಟಿದ ಅಜ್ಜಂದಿರು ಮೊಮ್ಮಕ್ಕಳ ಸಾಲಿನಲ್ಲೇ ನಿಂತು ಕಾಯಿ ಒಡೆಯುತ್ತಿದ್ದರು. ಬೇಟೆಯನ್ನು ನಾವು ಎಂದೂ ಒಪ್ಪಿದವರಲ್ಲ. ಕಾಗದಕ್ಕೂ ತೆಂಗಿನಕಾಯಿಗೂ ನೋವಾಗುವುದಿಲ್ಲ. ಉಸಿರು ಹಿಡಿದು, ಮನಸ್ಸು ನಿಲ್ಲಿಸಿ, ಬೆರಳೊಂದನ್ನು ಮಾತ್ರ ಕದಲಿಸುವ ಈ ಆಟದಲ್ಲಿ ಮುಪ್ಪಿಗೆ ಒದಗುವ ಒಂದು ಶಿಸ್ತಿದೆ. ಉತ್ತರ ಪ್ರದೇಶದ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅವರು ಪಿಸ್ತೂಲು ಹಿಡಿದದ್ದೇ ಅರುವತ್ತು ದಾಟಿದ ಮೇಲೆ. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಪದಕ ಪಡೆದಾಗ ಅವರಿಗೆ 72 ವರ್ಷ. ಆದುದರಿಂದ ವಯಸ್ಸಾಯಿತು, ಇನ್ನು ಸಾಕು ಎಂಬ ಮಕ್ಕಳ ಮಾತನ್ನು ನಾವು ಒಪ್ಪುವುದಿಲ್ಲ. ಕಣ್ಣು ಮಂಜಾದ ಮೇಲೂ ಹೇಗೋ ನಡೆದೀತು ಎಂಬ ಹಿರಿಯರ ಹಟವನ್ನಂತೂ ಒಪ್ಪಲೇಬಾರದು.

ಗುರಿ ಹಿಡಿಯುವವನ ಕಣ್ಣಿಗೆ ಮೂರು ದೂರಗಳ ಲೆಕ್ಕವಿದೆ. ತೋಳು ಚಾಚಿದಾಗ ಮಣಿಕಟ್ಟಿನ ಮೇಲೆ ಬರುವ ಹಿಂದಿನ ಸೈಟ್ ಒಂದು. ನಳಿಗೆಯ ತುದಿಯಲ್ಲಿ, ಕಣ್ಣಿನಿಂದ ಎರಡೂವರೆ ಮೂರು ಅಡಿ ಆಚೆಗಿರುವ ಫ್ರಂಟ್ ಸೈಟ್ ಇನ್ನೊಂದು. ಹತ್ತು ಮೀಟರ್ ದೂರದ ಗುರಿಕಾಗದ ಮೂರನೆಯದು. ಗಾಳಿ ಪಿಸ್ತೂಲಿನ ಕಾಗದದಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಗಾಳಿ ರೈಫಲ್ಲಿನದು ಬರಿಯ ಅರ್ಧ ಮಿಲಿಮೀಟರಿನ ಚುಕ್ಕಿ. ಯಾವ ಕಣ್ಣೂ ಈ ಮೂರನ್ನೂ ಒಂದೇ ಕ್ಷಣದಲ್ಲಿ ಸ್ಪಷ್ಟವಾಗಿ ನೋಡಲಾರದು. ಫ್ರಂಟ್ ಸೈಟ್ ಕತ್ತರಿಸಿಟ್ಟಂತೆ ಕಾಣಬೇಕು, ಗುರಿ ತುಸು ಮಬ್ಬಾದರೆ ಆಗಲಿ, ಇದು ಎಲ್ಲ ತರಬೇತುದಾರರೂ ಮೊದಲ ದಿನವೇ ಹೇಳಿಕೊಡುವ ಪಾಠ. ಹೊಸಬರಿಗೆ ಇದು ತಲೆಕೆಳಗಾದ ಮಾತೆನಿಸುತ್ತದೆ. ಆದರೆ ಗುರಿಯ ಅಂಚು ಮಸುಕಾದರೂ ಅದರ ನಡುವನ್ನು ಕಣ್ಣು ಊಹಿಸಿಕೊಳ್ಳಬಲ್ಲದು. ಹತ್ತಿರದ ಸೈಟಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹತ್ತು ಮೀಟರ್ ಆಚೆ ಅದು ಅನೇಕ ಪಟ್ಟು ಹಿಗ್ಗಿ ಅಂಕವನ್ನೇ ಕದಿಯುತ್ತದೆ.

ನಲವತ್ತರ ಆಚೆ ಈಚೆ ಕಣ್ಣಿನ ಮಸೂರ ಬಿಗಿಯಾಗುತ್ತದೆ. ಹತ್ತಿರದ್ದು ಮಸುಕಾಗಿ ಚಾಳೀಸು ಬರುತ್ತದೆ. ಆಗ ಮೊದಲು ಕೈಬಿಟ್ಟು ಹೋಗುವುದು ಆ ಫ್ರಂಟ್ ಸೈಟೇ. ಇದಕ್ಕೆ ಪರಿಹಾರ ಸುಲಭ. ದೂರದ ಕನ್ನಡಕದ ಸಂಖ್ಯೆಗೆ ಅರ್ಧವೋ ಮುಕ್ಕಾಲೋ ಪ್ಲಸ್ ಸೇರಿಸಿದ ಮಸೂರವೊಂದನ್ನು ಗುರಿ ಹಿಡಿಯುವ ಕಣ್ಣಿಗೆ ಮಾತ್ರ ಮಾಡಿಸಿಕೊಂಡರೆ ಬಹುಮಂದಿಗೆ ಕೆಲಸ ನಡೆಯುತ್ತದೆ. ಬೈಫೋಕಲ್ ಕನ್ನಡಕ ಇಲ್ಲಿ ಉಪಯೋಗಕ್ಕೆ ಬಾರದು. ತಲೆ ಎತ್ತಿ ಇಳಿಸಿ ಕತ್ತು ನೋಯುವುದಷ್ಟೇ ಲಾಭ. ಸಣ್ಣ ರಂಧ್ರದ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಕೊಂಚ ತಿಳಿಯಾಗುತ್ತದೆ, ರೈಫಲ್ಲಿನ ಹಿಂದಿನ ಸೈಟಿನಲ್ಲಿ ತೂತು ಇರುವುದೂ ಅದಕ್ಕೇ. ರಟ್ಟಿಗೆ ಸೂಜಿಯಿಂದ ಚುಚ್ಚಿ ಮನೆಯಲ್ಲೇ ಪರೀಕ್ಷಿಸಬಹುದು. ಆ ತೂತಿನಲ್ಲಿ ನೋಡಿದರೂ ಅಕ್ಷರ ತಿಳಿಯಾಗದಿದ್ದರೆ ದೋಷ ಕನ್ನಡಕದ್ದಲ್ಲ. ಪೊರೆಯೋ ಅಕ್ಷಿಪಟಲವೋ ಇನ್ನಾವುದೋ ಕೆಟ್ಟಿದೆ ಎಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹವುಳ್ಳವರು ಈ ಪರೀಕ್ಷೆಗೂ ಕಾಯಬಾರದು.

ಪೊರೆಯ ಕಥೆ ಬೇರೆ. ಅದು ಚಾಳೀಸಿನಂತೆ ಒಂದು ದೂರವನ್ನು ಮಾತ್ರ ಕೆಡಿಸುವುದಿಲ್ಲ, ಬೆಳಕನ್ನೇ ಚದರಿಸುತ್ತದೆ. ಕಪ್ಪು ಕಪ್ಪಾಗಿ ಕಾಣದು, ಬಿಳುಪು ಹಳದಿಯಾಗುತ್ತದೆ, ಒಂದು ಗುರಿಗೆ ನೆರಳಿನಂತೆ ಇನ್ನೊಂದು ಗುರಿ ಅಂಟಿಕೊಳ್ಳುತ್ತದೆ. ನಮ್ಮ ಗುಂಡು ದಾರಿ ತಪ್ಪಿದ್ದು ಹೀಗೆ. ಶಸ್ತ್ರಚಿಕಿತ್ಸೆಯೇ ಅದಕ್ಕೆ ಮದ್ದು. ಕಣ್ಣಿಗೆ ಬಿಡುವ ಯಾವ ಹನಿಯೂ ಪೊರೆಯನ್ನು ಕರಗಿಸುವುದಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. ಆದರೆ ಅಂದಿನ ಶಿಬಿರಗಳಲ್ಲಿ ಪೊರೆ ಬಂದ ಮಸೂರವನ್ನು ತೆಗೆಯಬಹುದಿತ್ತೇ ಹೊರತು ಅದರ ಜಾಗಕ್ಕೆ ಬೇರೊಂದನ್ನು ಇಡುವ ರೂಢಿ ಇನ್ನೂ ಬಂದಿರಲಿಲ್ಲ. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಅಜ್ಜಂದಿರು ದಾರಿ ಕಂಡರು. ಫ್ರಂಟ್ ಸೈಟ್ ಕಾಣುವುದು ದೂರದ ಮಾತು. ಕಣ್ಣಿನೊಳಗೆ ಕೃತಕ ಮಸೂರವನ್ನು ಮೊದಲು ಇಟ್ಟವರು ಲಂಡನ್ನಿನ ಹೆರಾಲ್ಡ್ ರಿಡ್ಲೆ, 1949ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗುಮ್ಮಟ ಒಡೆದು ಪೈಲಟ್‌ಗಳ ಕಣ್ಣಿಗೆ ನೆಟ್ಟ ಅಕ್ರಿಲಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಗಮನಿಸಿ ಅವರು ಅದೇ ಬಗೆಯ ವಸ್ತುವನ್ನು ಆರಿಸಿದರು. ಗುಂಡೇಟಿಗೆ ಒಡೆದ ಗಾಜಿನಂಥ ಚೂರಿನಿಂದ ಇಂದಿನ ಗುರಿಕಾರರ ಕಣ್ಣು ಉಳಿಯಿತೆಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ.

ಈ ಕೃತಕ ಮಸೂರಕ್ಕೆ ಒಂದು ಮಿತಿಯಿದೆ. ಸಾಮಾನ್ಯ ಮಸೂರ ಒಂದೇ ದೂರಕ್ಕೆ ನಿಂತಿರುತ್ತದೆ. ಆ ದೂರ ಯಾವುದೆಂಬುದು ಶಸ್ತ್ರಚಿಕಿತ್ಸೆಗೆ ಮೊದಲೇ ತೀರ್ಮಾನವಾಗಬೇಕು. ಒಮ್ಮೆ ಇಟ್ಟ ಮೇಲೆ ಬದಲಾಯಿಸುವುದು ಮತ್ತೊಂದು ಶಸ್ತ್ರಚಿಕಿತ್ಸೆ, ಅಪಾಯವೂ ಹೆಚ್ಚು. ಹೀಗಿದ್ದೂ ನಮ್ಮ ಮನೆಗಳಲ್ಲಿ ಈ ತೀರ್ಮಾನ ನಡೆಯುವ ಬಗೆ ನೋಡಿ. ಮಗನೋ ಅಳಿಯನೋ ಕೌಂಟರಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳುತ್ತಾರೆ: ಯಾವುದು ಒಳ್ಳೆಯ ಮಸೂರ, ಇನ್ಶೂರೆನ್ಸ್ ಎಷ್ಟು ಕೊಡುತ್ತದೆ. ಅಪ್ಪನಿಗೆ ಅತಿ ದುಬಾರಿಯದನ್ನೇ ಹಾಕಿಸಿದೆವೆಂಬ ತೃಪ್ತಿ ಅವರದು. ಅಪ್ಪ ಆ ಕಣ್ಣಿನಿಂದ ಏನು ಮಾಡುತ್ತಾರೆಂದು ಯಾರೂ ಕೇಳುವುದಿಲ್ಲ. ಅಪ್ಪನೂ ಹೇಳುವುದಿಲ್ಲ.

ನಮ್ಮ ಜೊತೆಗೇ ಅಭ್ಯಾಸಕ್ಕೆ ಬರುವ ಹಿರಿಯರೊಬ್ಬರಿಗೆ ಆದದ್ದು ಇದೇ. ಸೋಮವಾರಪೇಟೆಯ ಬಳಿ ಕಾಫಿ ತೋಟವುಳ್ಳವರು, ವರ್ಷದಲ್ಲಿ ಕೆಲ ತಿಂಗಳು ಮಗಳ ಮನೆಯಲ್ಲಿ, ನಮ್ಮ ಬಡಾವಣೆಯಲ್ಲೇ ಇರುತ್ತಾರೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಕೈಚಳಕಕ್ಕೆ ಕೊರತೆಯೇನೂ ಇರಲಿಲ್ಲ. ಬಲಗಣ್ಣಿಗೆ ಮಲ್ಟಿಫೋಕಲ್ ಮಸೂರ ಹಾಕಿದರು. ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರೆ, ಮೊಬೈಲ್ ನೋಡುತ್ತಾರೆ, ಮನೆಯವರಿಗೆ ಸಂತೋಷ. ಆದರೆ ಆ ಮಸೂರ ಒಳಬರುವ ಬೆಳಕನ್ನು ದೂರಕ್ಕಿಷ್ಟು ಹತ್ತಿರಕ್ಕಿಷ್ಟು ಎಂದು ಹಂಚುವುದರಿಂದ ಕಪ್ಪು ಬಿಳುಪಿನ ಅಂತರ ತುಸು ಕುಗ್ಗುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ಪತ್ರಿಕೆಯ ಓದುಗನಿಗೆ ಅದು ಲೆಕ್ಕಕ್ಕಿಲ್ಲ. ಕಪ್ಪು ಸೈಟನ್ನು ಕಪ್ಪು ಗುರಿಯ ಕೆಳಗೆ ನಿಲ್ಲಿಸಬೇಕಾದ ಅವರಿಗೆ ಅದೇ ಸರ್ವಸ್ವ. “ಕಣ್ಣು ಬಂತು, ಗೆರೆ ಹೋಯಿತು” ಎಂದು ಅವರು ನಮ್ಮೊಡನೆ ನೊಂದು ನುಡಿದರು.

ಅವರನ್ನು ಕಂಡು ನಾವು ಬುದ್ಧಿ ಕಲಿತೆವು. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ಹಾಳೆಯಲ್ಲಿ ನಮ್ಮ ದಿನಚರಿಯ ದೂರಗಳನ್ನು ಟೇಪು ಹಿಡಿದು ಅಳೆದು ಬರೆದೆವು. ಫ್ರಂಟ್ ಸೈಟ್, ಗುರಿಕಾಗದ, ಮೆಟ್ರೋದ ಫಲಕ, ಪುಸ್ತಕ. ಇನ್ನೊಂದನ್ನು ನಮ್ಮ ಮನೆಯವರು ನೆನಪಿಸಿದರು: ಬೆಳಗಿನ ಪೂಜೆಯಲ್ಲಿ ಎಡದ ಅಂಗೈ ಮೇಲಿನ ಇಷ್ಟಲಿಂಗ, ಕಣ್ಣಿನಿಂದ ಗೇಣೂವರೆ. ದೂರಕ್ಕೆ ನಿಲ್ಲಿಸಿದ ಮಸೂರ ಎರಡೂ ಕಣ್ಣಿಗೆ ಬಿದ್ದರೆ ಆ ದೃಷ್ಟಿ ಕನ್ನಡಕವಿಲ್ಲದೆ ನಿಲ್ಲದು. ಕನ್ನಡಕ ಹಾಕಿ ಪೂಜೆ ಮಾಡಬಾರದೆಂದೇನೂ ಇಲ್ಲ. ಆದರೂ ಐವತ್ತು ವರ್ಷದ ಅಭ್ಯಾಸವನ್ನು ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ, ಗೊತ್ತಿದ್ದು ಬಿಡುವುದು ಬೇರೆ.

ವೈದ್ಯರು ಆ ಹಾಳೆಯನ್ನು ಎರಡು ಬಾರಿ ಓದಿದರು. ಮೊದಲು ನಮ್ಮ ಯಾವ ಕಣ್ಣು ಯಜಮಾನನೆಂದು ನೋಡಿದರು: ಎರಡು ಕೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತುವನ್ನು ನೋಡುತ್ತ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುವುದೋ ಅದೇ ಯಜಮಾನ. ನಮ್ಮದು ಬಲಗಣ್ಣು. ಅದಕ್ಕೆ ಒಂದೇ ದೂರದ ಸಾಮಾನ್ಯ ಮಸೂರ, ದೂರಕ್ಕೆ. ಫ್ರಂಟ್ ಸೈಟಿಗೆ ಬೇಕಾದ ಮುಕ್ಕಾಲು ಪ್ಲಸ್ಸನ್ನು ಶೂಟಿಂಗ್ ಕನ್ನಡಕದಲ್ಲಿ ಸೇರಿಸುವುದು. ಎಡಗಣ್ಣಿಗೆ ಓದಿನ ದೂರ. ಎರಡು ಕಣ್ಣಿಗೆ ಎರಡು ದೂರ ಎಲ್ಲರಿಗೂ ಒಗ್ಗುವುದಿಲ್ಲ, ಮೆಟ್ಟಿಲಿಳಿಯುವಾಗ ಕೆಲವರಿಗೆ ಆಳದ ಅಂದಾಜು ತಪ್ಪುತ್ತದೆ ಎಂದು ಎಚ್ಚರಿಸಿ, ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿ ಒಂದು ವಾರ ಓಡಾಡಿಸಿ ನೋಡಿದರು. ನಮಗೆ ಒಗ್ಗಿತು. ದುಬಾರಿ ಮಸೂರದ ಮಾತೇ ಬರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಅದರ ನಂತರದ ವಾರಗಳು ತಾಳ್ಮೆ ಬೇಡುತ್ತವೆ. ಕಣ್ಣಿಗೆ ನೀರು, ಧೂಳು ತಾಗದಂತೆ, ಭಾರ ಎತ್ತದಂತೆ, ಕಣ್ಣು ಉಜ್ಜದಂತೆ ಇರಬೇಕು. ಗಾಯ ಮಾಗಿ ಕನ್ನಡಕದ ಸಂಖ್ಯೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅದಕ್ಕೆ ಮೊದಲು ಶೂಟಿಂಗ್ ಕನ್ನಡಕ ಮಾಡಿಸುವುದು ಹಣ ದಂಡ. ಗಾಳಿ ಪಿಸ್ತೂಲು ಭುಜಕ್ಕೆ ಒದೆಯುವುದಿಲ್ಲ. ತೋಟದ ಕೋವಿ ಒದೆಯುತ್ತದೆ. ಕೋವಿ ಹಿಡಿಯುವವರು ವೈದ್ಯರಿಗೆ ಆ ಒದೆತವನ್ನು ಬಾಯಿಬಿಟ್ಟು ಹೇಳಿ, ಅವರು ಒಪ್ಪಿದ ಮೇಲಷ್ಟೇ ಮುಟ್ಟಬೇಕು. ಕೆಲವು ತಿಂಗಳ ಅಥವಾ ವರ್ಷಗಳ ಬಳಿಕ ಮತ್ತೆ ಮಂಜು ಕವಿದರೆ ಪೊರೆ ಮರಳಿ ಬಂತೆಂದು ಗಾಬರಿಯಾಗಬೇಕಿಲ್ಲ. ಮಸೂರದ ಹಿಂದಿನ ಚೀಲ ಮಬ್ಬಾಗಿರುತ್ತದೆ, ಲೇಸರಿನಿಂದ ಅದನ್ನು ಕೆಲವೇ ನಿಮಿಷದಲ್ಲಿ ಸರಿಪಡಿಸುತ್ತಾರೆ.

ನಮ್ಮ ನಗರದವರೇ ಆದ ಪಿಸ್ತೂಲುಗಾರ ಪ್ರಕಾಶ್ ನಂಜಪ್ಪನವರಿಗೆ 2013ರಲ್ಲಿ ಸ್ಪೇನ್ ದೇಶದಲ್ಲಿ ಸ್ಪರ್ಧೆಗೆ ಹೋಗಿದ್ದಾಗ ಮುಖದ ಪಾರ್ಶ್ವವಾಯು ತಗುಲಿತ್ತು. ಮರುವರ್ಷವೇ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದರು. ಅವರು ರೋಗವನ್ನು ಬಚ್ಚಿಡಲಿಲ್ಲವೆಂಬುದು ನಮಗೆ ಆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾವು ಬಚ್ಚಿಟ್ಟಿದ್ದೆವು. ಅಂದು ಪಕ್ಕದ ಸಾಲಿನ ಕಾಗದದ ಬದಲು, ಕಾಗದ ಬದಲಿಸಲು ಹೋದವರೊಬ್ಬರು ಅಲ್ಲಿದ್ದಿದ್ದರೆ? ರೇಂಜಿನ ನಿಯಮಗಳು ಅಂಥದಕ್ಕೆ ಅವಕಾಶ ಕೊಡುವುದಿಲ್ಲ, ನಿಜ. ಆದರೆ ಊರಿನ ಮೈದಾನದಲ್ಲಿ, ತೋಟದಲ್ಲಿ, ಹಬ್ಬದ ಗದ್ದಲದಲ್ಲಿ ನಿಯಮ ಕಾಯುವವರು ಯಾರು? ಅರುವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯ ಚೀಟಿ ತೋರಿಸಿಯೇ ಗುರಿಸಾಲಿಗೆ ನಿಲ್ಲಬೇಕೆಂದು ಸ್ಪರ್ಧೆ ಏರ್ಪಡಿಸುವವರು ಕಡ್ಡಾಯ ಮಾಡಲಿ. ನಮ್ಮ ವಯಸ್ಸಿನವರು ಸಿಟ್ಟಾಗುತ್ತಾರೆ, ಆಗಲಿ.

ತಲಘಟ್ಟಪುರದ ಸುತ್ತಿನ ಭಕ್ತರಿಗೆ ದೂರದ ನೆಪವೂ ಇಲ್ಲ. 2021ರ ಜನವರಿಯಿಂದ ಹಸಿರು ಮಾರ್ಗದ ಮೆಟ್ರೋ ಇಲ್ಲಿಂದಲೇ ಹೊರಡುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಹತ್ತಿರ. ಹೋಗುವಾಗ ಒಂದು ಹಾಳೆ ಜೇಬಿನಲ್ಲಿರಲಿ. ಹೊಲಿಯುವವರು ಸೂಜಿಯ ದೂರ ಬರೆಯಲಿ, ಹಾರ್ಮೋನಿಯಂ ನುಡಿಸುವವರು ಸ್ವರಪುಸ್ತಕದ ದೂರ, ರೊಟ್ಟಿ ತಟ್ಟುವ ತಾಯಂದಿರು ಹೆಂಚಿನ ದೂರ.

ಕಾಫಿ ತೋಟದ ನಮ್ಮ ಸ್ನೇಹಿತರಿಗೆ ಬರುವ ತಿಂಗಳು ಎಡಗಣ್ಣಿನ ಶಸ್ತ್ರಚಿಕಿತ್ಸೆ. ಈ ಸಲ ಅವರೇ ಹಾಳೆ ಬರೆದುಕೊಂಡಿದ್ದಾರೆ. ಇನ್ನು ಎಡಗೈಯಿಂದ ಗುರಿ ಹಿಡಿಯುವುದನ್ನು ಕಲಿಯುತ್ತಾರಂತೆ. ಆದರೂ ಹಾಳೆಯ ಮೊದಲ ಸಾಲು ಪಿಸ್ತೂಲಿನದಲ್ಲ: “ಕಾಫಿ ಎಲೆಯ ಹಿಂಬದಿ, ಒಂದು ಅಡಿ.”