ಕೆರೆಯಂಚಿನ ಹೊಲಗಳು ಮತ್ತು ಸಂರಕ್ಷಣಾ ಒಡಂಬಡಿಕೆ: ಸೂಳೆಕೆರೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಗ್ರಾಮದ ಸಮೀಪದಲ್ಲಿರುವ ಶಾಂತಿಸಾಗರವು ರಾಜ್ಯದ ಅತಿ ದೊಡ್ಡ ಕೆರೆಗಳಲ್ಲಿ ಒಂದಾಗಿದ್ದು, ಜನಬಳಕೆಯಲ್ಲಿ ಸೂಳೆಕೆರೆಯೆಂದೇ ಪ್ರಸಿದ್ಧವಾಗಿದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಹರಿದ್ರಾ ಹಳ್ಳದ ನೀರನ್ನು ಇಲ್ಲಿ ತಡೆಯಲಾಗಿದೆ. ಕೆರೆಯ ಜಲವಿಸ್ತಾರ ಸುಮಾರು 6,550 ಎಕರೆ. ಸುತ್ತಳತೆ ಸುಮಾರು 30 ಕಿ.ಮೀ. ಸಿದ್ಧನಾಲೆ ಮತ್ತು ಬಸವನಾಲೆಗಳ ಮೂಲಕ ಸುಮಾರು 4,700 ಎಕರೆ ಅಚ್ಚುಕಟ್ಟಿಗೆ ನೀರು ಹರಿಯುತ್ತದೆ. ಚಿತ್ರದುರ್ಗ ನಗರದ ಕುಡಿಯುವ ನೀರಿಗೂ ಈ ಕೆರೆ ಆಸರೆಯಾಗಿದೆ.

ಈ ಅಂಕಿಗಳ ಜೊತೆಗೆ ಇನ್ನೊಂದನ್ನು ಗಮನಿಸುವುದು ಅಗತ್ಯ. ಕೆರೆಗೆ ಮಳೆನೀರನ್ನು ತರುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿ.ಮೀ., ಅಂದರೆ 81,000 ಎಕರೆಗೂ ಹೆಚ್ಚು. ಕೆರೆಯ ಒಂದು ಎಕರೆ ನೀರಿನ ಹಿಂದೆ ಹನ್ನೆರಡು ಎಕರೆ ನೆಲವಿದೆ. ಈ ನೆಲದಲ್ಲಿ ಗುಡ್ಡ, ಗೋಮಾಳಗಳಿರುವಂತೆಯೇ ರೈತರ ಹೊಲ, ಗದ್ದೆ, ತೋಟಗಳೂ ಇವೆ. ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡುವುದರಿಂದ ಒತ್ತುವರಿಯನ್ನು ತಡೆಯಬಹುದು. ಆದರೆ ಕೆರೆಗೆ ಬರುವ ನೀರು ಮತ್ತು ಹೂಳು ನಿರ್ಧಾರವಾಗುವುದು ಗಡಿಯ ಆಚೆಗಿರುವ ಹೊಲಗಳಲ್ಲಿ. ಆದುದರಿಂದ ಕೆರೆಯ ಸಂರಕ್ಷಣೆಯು ರೈತರ ಸಹಭಾಗಿತ್ವದ ಪ್ರಶ್ನೆಯೂ ಆಗಿದೆ.

ಕಾನೂನಿನ ವ್ಯಾಪ್ತಿ ಮತ್ತು ಮಿತಿ

ಜೌಗುಭೂಮಿಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರವು ಮೊದಲು 2010ರಲ್ಲಿ, ಅನಂತರ 2017ರಲ್ಲಿ ನಿಯಮಗಳನ್ನು ಹೊರಡಿಸಿತು. 2017ರ ನಿಯಮಗಳು ಜೌಗುಭೂಮಿಯ ಒತ್ತುವರಿ, ಕಸ ಸುರಿಯುವಿಕೆ ಮತ್ತು ಅಂಚಿನಿಂದ 50 ಮೀಟರ್ ಒಳಗಿನ ಶಾಶ್ವತ ಕಟ್ಟಡಗಳನ್ನು ನಿಷೇಧಿಸುತ್ತವೆ. ಆದರೆ ಭತ್ತದ ಗದ್ದೆ, ಕುಡಿಯುವ ನೀರಿಗಾಗಿಯೇ ನಿರ್ಮಿಸಿದ ಜಲಾಶಯ ಮತ್ತು ನೀರಾವರಿಗಾಗಿಯೇ ನಿರ್ಮಿಸಿದ ರಚನೆಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಕರ್ನಾಟಕದ ಕೆರೆಗಳಲ್ಲಿ ಬಹುಪಾಲು ನೀರಾವರಿಗಾಗಿ ಕಟ್ಟಿದವುಗಳೇ ಆಗಿರುವುದರಿಂದ ಈ ವಿನಾಯಿತಿಯ ಪರಿಣಾಮ ಸಣ್ಣದಲ್ಲ.

2017ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಗುರುತಿಸಲಾದ 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುಭೂಮಿಗಳನ್ನು 2010ರ ನಿಯಮಗಳ ತತ್ತ್ವದಂತೆ ರಕ್ಷಿಸಬೇಕೆಂದು ಆದೇಶಿಸಿತು. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವೂ ಇದೆ. ಇವೆಲ್ಲವೂ ಮುಖ್ಯವಾಗಿ ನಿರ್ಬಂಧದ ಕ್ರಮಗಳು. ಕೆರೆಗೆ ಹಿತವಾಗುವಂತೆ ತನ್ನ ಸ್ವಂತ ಹೊಲವನ್ನು ನಿರ್ವಹಿಸುವ ರೈತನಿಗೆ ಇವುಗಳಿಂದ ಯಾವ ಪ್ರತಿಫಲವೂ ದೊರೆಯುವುದಿಲ್ಲ.

ಇತರೆಡೆಯ ಕ್ರಮ

ಅಮೆರಿಕದಲ್ಲಿ 1990ರಿಂದ ಜೌಗುಭೂಮಿ ಮೀಸಲು ಕಾರ್ಯಕ್ರಮವು ಜಾರಿಯಲ್ಲಿದ್ದು, 2014ರ ಕೃಷಿ ಕಾಯ್ದೆಯಡಿ ಅದನ್ನು ಕೃಷಿಭೂಮಿ ಸಂರಕ್ಷಣೆಯ ಕಾರ್ಯಕ್ರಮದೊಂದಿಗೆ ಒಗ್ಗೂಡಿಸಲಾಯಿತು. ಇದರಲ್ಲಿ ಜಮೀನಿನ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ಜೌಗುಭೂಮಿಯನ್ನು ಬರಿದುಮಾಡುವ ಅಥವಾ ಕೃಷಿಭೂಮಿಯನ್ನು ನಿವೇಶನಗಳನ್ನಾಗಿ ಮಾಡುವ ಹಕ್ಕನ್ನು ಮಾತ್ರ ಅವನು ಹಣ ಪಡೆದು ಬಿಟ್ಟುಕೊಡುತ್ತಾನೆ. ಈ ಷರತ್ತನ್ನು ನೋಂದಾಯಿಸಲಾಗುವುದರಿಂದ, ಜಮೀನು ಮಾರಾಟವಾದರೂ ಅದು ಮುಂದಿನ ಒಡೆಯನನ್ನು ಬಂಧಿಸುತ್ತದೆ.

ನಮ್ಮಲ್ಲಿ ಇದಕ್ಕೆ ಸಮಾನವಾದ ಕಾನೂನು ಇಲ್ಲ. 1882ರ ಭಾರತೀಯ ಈಸ್‌ಮೆಂಟ್ ಅಧಿನಿಯಮವು ಒಂದು ಜಮೀನಿನ ಅನುಭೋಗಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರುವ ದಾರಿ, ನೀರು, ಗಾಳಿ-ಬೆಳಕುಗಳ ಹಕ್ಕನ್ನು ಕುರಿತದ್ದು. ನೆರೆಯ ಜಮೀನಿನ ಸಂಬಂಧವಿಲ್ಲದೆ, ಕೇವಲ ಸಾರ್ವಜನಿಕ ಹಿತಕ್ಕಾಗಿ ಸಂರಕ್ಷಣಾ ಹಕ್ಕನ್ನು ಬರೆದುಕೊಡುವ ಅವಕಾಶವನ್ನು ಅದು ಒದಗಿಸುವುದಿಲ್ಲ.

ನಮ್ಮ ನೆಲದ ಪರಂಪರೆ

ಆದರೆ ಭೂಮಿಯನ್ನು ಕೆರೆಯ ಹಿತಕ್ಕೆ ಕಟ್ಟುವ ಕಲ್ಪನೆ ಕನ್ನಡನಾಡಿಗೆ ಹೊಸದಲ್ಲ. ಕೆರೆಯನ್ನು ಕಟ್ಟಿಸಿದವರಿಗೂ ದುರಸ್ತಿ ಮಾಡಿದವರಿಗೂ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖಗಳು ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಹೆಸರುಗಳಲ್ಲಿ ದೊರೆಯುತ್ತವೆ. ತೂಬನ್ನು ಎತ್ತಿ ಇಳಿಸಿ ನೀರು ಹಂಚುತ್ತಿದ್ದ ನೀರುಗಂಟಿಯೂ ಇನಾಂ ಭೂಮಿಯಿಂದ ಜೀವನ ನಡೆಸುತ್ತಿದ್ದನು. ಭೂಮಿಯ ಫಲ ಒಂದು ಕೈಯಲ್ಲಿ, ಕೆರೆಯ ಹೊಣೆ ಇನ್ನೊಂದು ಕೈಯಲ್ಲಿ ಎಂಬ ಏರ್ಪಾಡು ಇದಾಗಿತ್ತು.

1954ರ ಮೈಸೂರು ಇನಾಂ ರದ್ದಿಯಾತಿ ಅಧಿನಿಯಮ ಮತ್ತು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮಗಳಿಂದ ಈ ವ್ಯವಸ್ಥೆ ಕೊನೆಗೊಂಡಿತು. ಹುಟ್ಟಿನಿಂದ ಬರುವ ಹುದ್ದೆಯನ್ನೂ ಅದರೊಡನೆ ಅಂಟಿಕೊಂಡಿದ್ದ ಅಸಮಾನತೆಯನ್ನೂ ತೆಗೆದುಹಾಕಿದ್ದು ನ್ಯಾಯವೇ ಸರಿ. ಆದರೆ ಕೆರೆಯ ನಿತ್ಯದ ಹೊಣೆಗೆ ಊರಿನಲ್ಲಿ ಪ್ರತಿಫಲವುಳ್ಳ ಬದಲಿ ವ್ಯವಸ್ಥೆ ಸ್ಥಾಪನೆಯಾಗಲಿಲ್ಲ. ನಿರ್ವಹಣೆ ಇಲಾಖೆಗಳಿಗೆ ಸೇರಿತು.

ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯು ಈ ಕೊರತೆಯನ್ನು ತುಂಬಲು ಯತ್ನಿಸಿತು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಆಯ್ದ ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಲಾಯಿತು. ಕಾಮಗಾರಿಯ ಹಣಕ್ಕೆ ಅವಧಿಯಿರುತ್ತದೆ, ಕೆರೆಯ ಹೊಣೆಗೆ ಅವಧಿಯಿಲ್ಲ. ಯೋಜನೆ ಮುಗಿದ ಬಳಿಕ ಸಂಘಗಳು ಯಾವ ಆದಾಯದಿಂದ ಉಳಿಯಬೇಕೆಂಬುದು ಇಂತಹ ಎಲ್ಲ ಕಾರ್ಯಕ್ರಮಗಳ ಮುಂದಿರುವ ಪ್ರಶ್ನೆಯಾಗಿದೆ.

ಕೊಕ್ಕರೆ ಬೆಳ್ಳೂರಿನ ಪಾಠ

ಸಂರಕ್ಷಣಾ ಒಡಂಬಡಿಕೆಗೆ ಅತಿ ಸಮೀಪದ ನಿದರ್ಶನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಇಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ರೈತರ ಹಿತ್ತಲು, ಹೊಲಗಳ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಕ್ಕಿಗಳಿಗಾಗಿ ಹುಣಸೆಯ ಫಸಲನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರ ನೀಡುತ್ತ ಬಂದಿದೆ. 2007ರಲ್ಲಿ ಈ ಗ್ರಾಮವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಇದಕ್ಕೆ ಆಧಾರ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರ ತಿದ್ದುಪಡಿಯಿಂದ ಸೇರಿದ 36-ಸಿ ಪ್ರಕರಣ. ವ್ಯಕ್ತಿ ಅಥವಾ ಸಮುದಾಯವು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ಖಾಸಗಿ ಜಮೀನನ್ನೂ ಈ ಪ್ರಕರಣದಡಿ ಮೀಸಲೆಂದು ಘೋಷಿಸಬಹುದು. ಘೋಷಣೆಯ ನಂತರ ನಿರ್ವಹಣಾ ಸಮಿತಿಯ ನಿರ್ಣಯ ಹಾಗೂ ರಾಜ್ಯ ಸರ್ಕಾರದ ಅನುಮೋದನೆಯಿಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಒಡೆತನ ಉಳಿದು ಬಳಕೆಗೆ ಮಾತ್ರ ಮಿತಿ ಬರುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿಯೂ ಇದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಈ ಪ್ರಕರಣವು ಪ್ರತಿಫಲವನ್ನು ಕಡ್ಡಾಯಗೊಳಿಸಿಲ್ಲ. ಅಲ್ಲದೆ ಗೂಡಿನ ಮರ ಉಳಿದರೂ, ಹಕ್ಕಿಗಳು ಮೇವಿಗೆ ಹೋಗುವ ಶಿಂಷಾ ನದಿ ಮತ್ತು ಸುತ್ತಣ ಕೆರೆಗಳು ಬತ್ತಿದರೆ ಒಡಂಬಡಿಕೆಯ ಉದ್ದೇಶ ಈಡೇರುವುದಿಲ್ಲ.

ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳು 2024ರಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದವು. ನೀರಾವರಿಗಾಗಿ ಕಟ್ಟಿದ ಕೆರೆಯೂ ಜೌಗುಭೂಮಿಯಾಗಿ ಮಾನ್ಯತೆ ಪಡೆಯಬಲ್ಲದೆಂಬುದಕ್ಕೆ ಇವು ಸಾಕ್ಷಿ.

ಚನ್ನಗಿರಿ ಮತ್ತು ಜಗಳೂರು

ಚನ್ನಗಿರಿ ಭಾಗದಲ್ಲಿ ಅಡಿಕೆ ಪ್ರಮುಖ ವಾಣಿಜ್ಯ ಬೆಳೆ. ಅಡಿಕೆಯ ಆದಾಯ ಕಂಡ ರೈತನನ್ನು ಅಲ್ಪ ಪ್ರೋತ್ಸಾಹಧನಕ್ಕಾಗಿ ಜಮೀನಿನ ಬಳಕೆಯನ್ನು ಮಿತಿಗೊಳಿಸಿಕೊಳ್ಳುವಂತೆ ಕೇಳುವುದು ಫಲಕಾರಿಯಾಗಲಾರದು. ಇಲ್ಲಿ ಇಡೀ ಜಮೀನಿನ ಬದಲು ಹಳ್ಳದ ದಡ, ಕೆರೆಯಂಚಿನ ಪಟ್ಟಿ, ಬದುಗಳಂತಹ ಕಿರು ಭಾಗಗಳನ್ನು ಮಾತ್ರ ಒಡಂಬಡಿಕೆಗೆ ಒಳಪಡಿಸುವುದು ಕಾರ್ಯಸಾಧ್ಯ. ಹೂಳನ್ನು ತಡೆಯುವುದೂ ಬಹುಮಟ್ಟಿಗೆ ಈ ಪಟ್ಟಿಗಳೇ.

ಜಗಳೂರಿನ ಸ್ಥಿತಿ ಬೇರೆ. ಬರಪೀಡಿತವಾದ ಈ ತಾಲ್ಲೂಕಿನಲ್ಲಿ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕೈಗೊಳ್ಳಲಾಗಿದೆ. ನೀರು ಬಂದ ಕೆಲವೇ ವರ್ಷಗಳಲ್ಲಿ ಸುತ್ತಲಿನ ಬೆಳೆ ಬದಲಾಗಿ, ಭೂಮಿಯ ಬೆಲೆಯೂ ಏರುವುದು ಸಹಜ. ಆ ಬಳಿಕ ಒಡಂಬಡಿಕೆ ದುಬಾರಿ. ಕೆರೆಯಂಚಿನ ಬಳಕೆಯ ಬಗ್ಗೆ ಗ್ರಾಮಸಭೆಗಳು ಚರ್ಚಿಸಲು ಇದೇ ಸೂಕ್ತ ಕಾಲ. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಖರೀದಿಸಲು ಅವಕಾಶವಾಗಿರುವುದರಿಂದ ಈ ಚರ್ಚೆ ಇನ್ನಷ್ಟು ಅಗತ್ಯವಾಗಿದೆ.

ಗಮನಿಸಬೇಕಾದ ಅಂಶಗಳು

1. ಒಡಂಬಡಿಕೆ ಸ್ವಇಚ್ಛೆಯದಾಗಿರಬೇಕು, ಅವಧಿ ಮತ್ತು ಷರತ್ತುಗಳು ಕನ್ನಡದಲ್ಲಿ ಲಿಖಿತವಾಗಿರಬೇಕು.

2. ಪ್ರತಿಫಲವು ಫಲಿತಾಂಶಕ್ಕೆ ಅನುಗುಣವಾಗಿರಬೇಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುವ ಪದ್ಧತಿ ಇದಕ್ಕೆ ಮಾದರಿಯಾಗಬಲ್ಲದು.

3. ಷರತ್ತು ಪಹಣಿಯಲ್ಲಿ ನಮೂದಾಗದಿದ್ದಲ್ಲಿ ಜಮೀನಿನ ಕೈ ಬದಲಾದೊಡನೆ ಒಡಂಬಡಿಕೆ ನಿಷ್ಫಲವಾಗುತ್ತದೆ.

4. ಗೇಣಿದಾರರು, ಮೀನುಗಾರರು ಮತ್ತು ಕೆರೆಯಂಗಳದಲ್ಲಿ ದನಕರು ಮೇಯಿಸುವವರು ಪಹಣಿಯಲ್ಲಿ ಕಾಣಿಸುವುದಿಲ್ಲ. ಅವರ ಹಿತವನ್ನು ಕಡೆಗಣಿಸಿದ ಯಾವ ಏರ್ಪಾಡೂ ಬಾಳಲಾರದು.

ಮುಕ್ತಾಯ

ಕೆರೆಗಳನ್ನು ತುಂಬಿಸಲು ಮತ್ತು ಹೂಳೆತ್ತಲು ಸಾರ್ವಜನಿಕ ಹಣ ವ್ಯಯವಾಗುತ್ತಿದೆ. ಹೂಳು ಬರದಂತೆ ನೋಡಿಕೊಳ್ಳುವ ರೈತನಿಗೆ ಅದರಲ್ಲಿ ಒಂದು ಪಾಲು ಸಲ್ಲುವಂತಾದರೆ ಮತ್ತೆ ಮತ್ತೆ ಹೂಳೆತ್ತುವ ವೆಚ್ಚ ತಗ್ಗುವುದು. ಸಮುದಾಯ ಮೀಸಲು, ಬಳಕೆದಾರರ ಸಂಘ, ಪ್ರೋತ್ಸಾಹಧನ ಈ ಮೂರೂ ನಮ್ಮಲ್ಲಿ ಈಗಾಗಲೇ ಇವೆ. ಒಂದೇ ಕೆರೆಯ ಸುತ್ತ ಅವುಗಳನ್ನು ಜೋಡಿಸುವ ಕಾರ್ಯ ಬಾಕಿಯಿದೆ. ಸೂಳೆಕೆರೆಯಷ್ಟು ವಿಸ್ತಾರವಾದ ಜಲಾನಯನದಲ್ಲಿ ಅದನ್ನು ಒಮ್ಮೆಲೇ ಕೈಗೊಳ್ಳುವುದು ಕಷ್ಟ. ಕೆರೆಗೆ ಸೇರುವ ಒಂದೊಂದೇ ಹಳ್ಳದ ದಡದ ಗ್ರಾಮಗಳಿಂದ ಆರಂಭಿಸುವುದು ಸೂಕ್ತವಾಗಿದೆ.