ನಾಳೆಯ ಉಸಿರಿಗೆ ಇಂದಿನ ಬೆಲೆ

ಗಿರಣಿಯಲ್ಲಿ ಯಂತ್ರದ ಪಟ್ಟಿಗೆ ಒಬ್ಬನ ಕೈ ಸಿಕ್ಕಿದರೆ ಇಡೀ ಖಾತೆಯೇ ಕೆಲಸ ನಿಲ್ಲಿಸಿ ಎದ್ದು ನಿಲ್ಲುತ್ತದೆ. ಪಟ್ಟಿಗೆ ಜಾಲರಿ ಹಾಕಿಸುವವರೆಗೆ ಬಿಡುವುದಿಲ್ಲ. ಅದೇ ಖಾತೆಯ ಹತ್ತಿಯ ಧೂಳು ಇಪ್ಪತ್ತು ವರ್ಷಗಳ ಮೇಲೆ ಒಬ್ಬನ ಉಸಿರು ಕಟ್ಟಿಸಿದರೆ ಕೇಳುವವರಿಲ್ಲ. ಆ ಹೊತ್ತಿಗೆ ಆತ ಊರು ಸೇರಿರುತ್ತಾನೆ. ಎರಡೂ ಜೀವದ ಪ್ರಶ್ನೆಯೇ. ಒಂದು ಇಂದಿನದು, ಒಂದು ಮುಂದಿನದು ಎಂಬ ಕಾರಣಕ್ಕೆ ಎರಡನೆಯದು ಅಗ್ಗವಾಗಬೇಕೇ?

ಜನರು ಹೀಗೆ ಬೆಲೆ ಇಳಿಸುತ್ತಾರೆಂಬುದು ಸುಳ್ಳಲ್ಲ. ಅಮೆರಿಕದಲ್ಲಿ ಮೌರೀನ್ ಕ್ರಾಪರ್ ಮತ್ತು ಅವರ ಸಂಗಡಿಗರು ಸುಮಾರು 3,000 ಮನೆಗಳವರನ್ನು ವಿಚಾರಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಉತ್ತರಗಳನ್ನು ಸಾಲಾಗಿಟ್ಟು ನಡುವಿನದನ್ನು ನೋಡಿದರೆ, ಇಂದು ಒಬ್ಬನನ್ನು ಉಳಿಸುವುದಕ್ಕೆ 25 ವರ್ಷಗಳ ನಂತರ ಆರು ಮಂದಿಯನ್ನು ಉಳಿಸುವುದು ಸಮವಾಗಿತ್ತು. ನೂರು ವರ್ಷಗಳ ನಂತರವಾದರೆ 45 ಮಂದಿ ಬೇಕಾಗಿತ್ತು.

ಇದಕ್ಕಾಗಿ ನಾವು ಯಾರನ್ನೂ ದೂರಲಾರೆವು. ಕೋಣೆಯ ಬಾಡಿಗೆ ಕಟ್ಟಿ, ಊರಿಗೆ ಹಣ ಕಳಿಸಬೇಕಾದವನು ಇಪ್ಪತ್ತು ವರ್ಷಗಳಾಚೆಯ ಕೆಮ್ಮನ್ನು ಹೇಗೆ ಎಣಿಸಿಯಾನು? ಆದರೆ ಅಭಾವದಿಂದ ನಾವು ನಾಳೆಯನ್ನು ಅಗ್ಗಕ್ಕೆ ಮಾರಿದರೆ, ಅದನ್ನೇ ನಮ್ಮ ಇಷ್ಟವೆಂದು ಮಾಲೀಕರು ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ಹತ್ತಿಯ ಧೂಳಿನಿಂದ ಬರುವ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಪಾಳಿಗೆ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಆಮೇಲೆ ಸಡಿಲವಾಗುತ್ತದೆ. ಆ ಹಂತದಲ್ಲಿಯೇ ಧೂಳಿನಿಂದ ದೂರವಾದರೆ ಗುಣವಾಗುವುದುಂಟು. ವರ್ಷಗಳು ಕಳೆದರೆ ಬಿಗಿತ ವಾರವಿಡೀ ನಿಲ್ಲುತ್ತದೆ. ಶ್ವಾಸಕೋಶದ ಹಾನಿ ಶಾಶ್ವತವಾಗುತ್ತದೆ. ಅಂದರೆ ಫಲ ಮುಂದೆ ಸಿಕ್ಕುವುದಾದರೂ ಉಪಾಯ ಇಂದೇ ಆಗಬೇಕು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಅಲ್ಲಿ ದುಡಿದವರ ಎದೆಗೆ ಆದ ಹಾನಿ ಗಿರಣಿಯ ಬಾಗಿಲಿನೊಂದಿಗೆ ಮುಚ್ಚಿಹೋಗಲಿಲ್ಲ.

ಹೋಟೆಲಿನ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಹೆಚ್ಚಿನ ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಕ್ಯಾನ್ಸರ್ ತರುವ ಸಂಭವವುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಗೀಕರಿಸಿದೆ. ಎಣ್ಣೆ ಚೆಲ್ಲಿ ಜಾರುವ ನೆಲವನ್ನು ಆ ಕ್ಷಣವೇ ಒರೆಸುತ್ತೇವೆ. ಬಾಣಲೆಯ ಮೇಲೆ ಚಿಮಣಿ ಬೇಕೆಂದರೆ ಮಾತ್ರ, ಮುಂದೆ ನೋಡೋಣ ಎಂಬ ಉತ್ತರ!

ಅಮೆರಿಕದ ಸರ್ಕಾರ 1978ರಲ್ಲಿ ಹತ್ತಿ ಧೂಳಿಗೆ ಮಿತಿ ಹಾಕಿದಾಗ ಅಲ್ಲಿನ ಗಿರಣಿ ಮಾಲೀಕರು, ಖರ್ಚಿಗೆ ತಕ್ಕ ಲಾಭ ತೋರಿಸಿರೆಂದು ನ್ಯಾಯಾಲಯಕ್ಕೆ ಹೋದರು. ಸಾಧ್ಯವಿರುವ ಮಟ್ಟಿಗೆ ಕಾರ್ಮಿಕರ ಆರೋಗ್ಯ ಕಾಯಬೇಕೆಂದು ಕಾಯಿದೆಯೇ ಹೇಳಿರುವಾಗ ಖರ್ಚು-ಲಾಭದ ತಕ್ಕಡಿ ಬೇಕಿಲ್ಲವೆಂದು 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮುಂದಿನ ಜೀವಹಾನಿಯನ್ನು ತಡೆಯುವ ಹೊಣೆ ಇಂದಿನದೆಂಬ ನಮ್ಮ ವಾದಕ್ಕೆ ಈ ತೀರ್ಪು ಬಲ ಕೊಡುತ್ತದೆ.

ಬೇಡಿಕೆಗಳ ಪಟ್ಟಿ ಬರೆಯುವಾಗ ಬೋನಸ್ಸಿನ ಪಕ್ಕದಲ್ಲೇ ಧೂಳು ಹೀರುವ ಯಂತ್ರ, ಅಡಿಗೆಮನೆಗೆ ಚಿಮಣಿ, ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ ಇವೂ ಇರಬೇಕು. ಮಾತುಕತೆ ಬಿಗಿಯಾದಾಗ ಮೊದಲು ಕೈಬಿಡುವ ಬೇಡಿಕೆಗಳು ಇವಾಗಬಾರದು. ಮುಂದಿನ ಒಪ್ಪಂದದಲ್ಲಿ ನೋಡೋಣ ಎಂದರೆ, ಅಲ್ಲಿಯವರೆಗೆ ಉಸಿರಾಡಿದ ಧೂಳನ್ನು ಯಾವ ಒಪ್ಪಂದವೂ ಹೊರತೆಗೆಯದು.