ಅನ್ನವೊಂದೇ ಸಾಲದು



ಅನಾಥ ಶಿಶುವಿಗೆ ಅನ್ನ, ಬಟ್ಟೆ, ಸೂರು ದೊರೆತರೆ ಸಾಕೆಂದು ನಂಬಿದ ದಾನಿಗಳು ಇಂದಿಗೂ ಉಂಟು. ಈ ನಂಬಿಕೆ ಹುಸಿಯೆಂಬುದನ್ನು ರುಮೇನಿಯಾ ದೇಶವು ತನ್ನ ಮಕ್ಕಳ ಬಾಳನ್ನೇ ತೆತ್ತು ಕಲಿಯಿತು.

1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಜನಸಂಖ್ಯೆ ಹೆಚ್ಚಿಸಲೆಂದು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದನು. ಸಾಕಲಾರದವರು ಕೂಸುಗಳನ್ನು ಸರ್ಕಾರಿ ಶಿಶುಗೃಹಗಳಿಗೆ ಒಪ್ಪಿಸಿದರು. 1989ರಲ್ಲಿ ಅವನ ಆಳ್ವಿಕೆ ಉರುಳಿದ ಮೇಲೂ ಆ ಗೃಹಗಳು ಉಳಿದವು. ಉಣಿಸುವ ದಾದಿಯರಿದ್ದರು, ಆದರೆ ಒಬ್ಬೊಬ್ಬಳಿಗೆ ಹತ್ತಕ್ಕೂ ಮಿಕ್ಕ ಮಕ್ಕಳು, ಪಾಳಿ ಬದಲಾದಂತೆ ಮುಖವೂ ಬೇರೆ.

ಆ ಮಕ್ಕಳು ಹುಟ್ಟಿನಿಂದಲೇ ಮಂದಮತಿಗಳಾಗಿದ್ದಿರಬೇಕೆಂದು ವಾದಿಸುವವರುಂಟು. ಅವರಿಗೆ ಉತ್ತರ ಬುಕಾರೆಸ್ಟ್ ನಗರದಲ್ಲಿದೆ. 2000ದಲ್ಲಿ ಆರಂಭವಾದ ಅಧ್ಯಯನದಲ್ಲಿ 136 ಶಿಶುಗಳ ಪೈಕಿ ಅರ್ಧದಷ್ಟನ್ನು ಚೀಟಿ ಎತ್ತಿ ಸಾಕುಮನೆಗಳಿಗೆ ಕಳುಹಿಸಲಾಯಿತು. ಮನೆ ಸೇರಿದವರ ಬುದ್ಧಿ ಚಿಗುರಿತು. ಸುಮಾರು 2 ವರ್ಷ ತುಂಬುವ ಮೊದಲೇ ಸೇರಿದವರದು ಇನ್ನೂ ಹೆಚ್ಚಾಗಿ. ಹುಟ್ಟಿನದೇ ದೋಷವಾಗಿದ್ದರೆ ಚೀಟಿ ಅದನ್ನು ತಿದ್ದೀತೇ?

ಬೆದರಿದ ಕೂಸಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ. ಪರಿಚಿತ ತೋಳುಗಳು ಅದನ್ನು ಇಳಿಸುತ್ತವೆ. ಆ ತೋಳುಗಳಿಲ್ಲದೆ ಕಳವಳ ನಿತ್ಯವಾದರೆ ಬೆಳೆಯುತ್ತಿರುವ ಮೆದುಳಿಗೇ ಕುಂದು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಇಂತಹ ಮಕ್ಕಳನ್ನು ಪೋಷಕ ಕುಟುಂಬಗಳಲ್ಲಿ ಇರಿಸಲು ಅವಕಾಶವಿತ್ತಿದೆ. ಆದುದರಿಂದ, ಶಿಶುಗೃಹದ ಗೋಡೆಗೆ ಹೆಸರು ಕೆತ್ತಿಸಿ ತೃಪ್ತರಾಗುವವರನ್ನು ನೀವೇ ಕೇಳಿರಿ: ಈ ಕೂಸು ಅತ್ತಾಗ ಎತ್ತಿಕೊಳ್ಳುವವರು ಯಾರು? ನಾಳೆಯೂ ಅವರೇ ಬರುವರೇ? ಉತ್ತರವಿಲ್ಲದಿದ್ದರೆ ಆ ದಾನ ಇನ್ನೂ ಪೂರ್ತಿಯಾಗಿಲ್ಲ.